ಅಜ್ಜಿಗೆ ಹೇಳದ ಮಾತು

"ನೀವು ಸುಳ್ಳು ಹೇಳಿದ್ರಿ."

ವಾರ್ಡಿನಿಂದ ಹೊರಬರುತ್ತಿದ್ದಂತೆ ಡಾಕ್ಟರ್ ಅವಳಿಗೆ ಅಡ್ಡ ನಿಂತ. ಅವಳು ಆಸ್ಪತ್ರೆಯ ದುಭಾಷಿ. ಅವನ ಭಾಷೆ ಬಾರದ ರೋಗಿಗಳಿಗೆ ಅವನ ಮಾತನ್ನು ದಾಟಿಸುವುದು ಅವಳ ಕೆಲಸ.

"ನಮ್ಮ ಭಾಷೆ ನಿಮಗೆ ಬರಲ್ವಲ್ಲ... ಹೇಗೆ ಗೊತ್ತಾಯ್ತು?"

"ಕಾಯಿಲೆ ವಾಸಿಯಾಗಲ್ಲ ಅಂದೆ. ಅಜ್ಜಿ ನಕ್ಕರು."

ಸಿಕ್ಕಿಬಿದ್ದಿದ್ದಳು. ಆದರೂ ಸುಲಭಕ್ಕೆ ಸೋಲುವ ಜಾಯಮಾನ ಅವಳದಲ್ಲ.

"ನಮ್ಮಲ್ಲಿ ಇಂಥದ್ದನ್ನ ಮೊದಲು ಮಗನಿಗೆ ಹೇಳ್ತಾರೆ. ಹಾಸಿಗೆ ಹಿಡಿದವರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳೋದು ಪಾಪ."

"ನಮ್ಮಲ್ಲಿ ಮುಚ್ಚಿಡೋದೇ ಪಾಪ. ಅದು ಅಜ್ಜಿ ಜೀವ, ಮಗನದ್ದಲ್ಲ. ನಾಳೆ ಬೇರೆಯವರನ್ನ ಕರೆಸ್ತೀನಿ."

ಕಲ್ಲೆದೆಯವನು! ಇಷ್ಟು ದಿನ ಇವನ ಹೆಜ್ಜೆ ಸಪ್ಪಳಕ್ಕೆ ಕಾದು ಕೂರುತ್ತಿದ್ದ ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

ಆದರೆ ಮರುದಿನ ಅವನು ಕರೆಸಿದ್ದು ಅವಳನ್ನೇ.

"ಇದೊಂದನ್ನ ಇದ್ದ ಹಾಗೇ ಹೇಳಿ," ಎಂದು ಅಜ್ಜಿಯ ಪಕ್ಕ ಕುರ್ಚಿ ಎಳೆದು ಕೂತ. "ಅಜ್ಜಿ, ಕಾಯಿಲೆ ವಿಷಯ ನಿಮಗೇ ಹೇಳ್ಲಾ, ಮಗನಿಗೆ ಹೇಳ್ಲಾ?"

ಅವಳು ಅವನ ಮುಖ ನೋಡಿದಳು. ಇಷ್ಟು ವರ್ಷಗಳಲ್ಲಿ ತಾನು ಯಾರನ್ನೂ ಹೀಗೆ ಕೇಳಿರಲಿಲ್ಲವಲ್ಲ... ಒಂದಕ್ಷರ ಬಿಡದೆ ದಾಟಿಸಿದಳು.

ಅಜ್ಜಿ ಅವನ ಕೈ ಹಿಡಿದುಕೊಂಡರು. "ಮಗನಿಗೆ ಹೇಳಪ್ಪ. ನನಗೇನೂ ಗೊತ್ತಿಲ್ಲ ಅಂತಲೇ ಅವನು ಅಂದ್ಕೊಂಡಿರ್ಲಿ. ನನ್ನೆದುರು ಅಳಬಾರದು ಅಂತಾದ್ರೂ ಗಟ್ಟಿಯಾಗಿರ್ತಾನೆ."

ಅದನ್ನು ಅವನಿಗೆ ದಾಟಿಸುವಾಗ ಅವಳ ದನಿ ನಡುಗಿತು. ಅವನ ಕಣ್ಣೂ ಒದ್ದೆಯಾಗಿತ್ತು.

"ನಿಮ್ಮವರ ಮನಸ್ಸು ನನಗೆ ಅರ್ಥವಾಗಿರ್ಲಿಲ್ಲ," ಎಂದ, ಹೊರಗೆ ಬಂದ ಮೇಲೆ. "ಎಷ್ಟು ದೊಡ್ಡ ಮನಸ್ಸು."

"ಕೇಳೋ ಮನಸ್ಸು ನಿಮಗಾದ್ರೂ ಬಂತಲ್ಲ. ನನಗೆ ಬರ್ಲಿಲ್ಲ," ಎಂದಳು. ಇಂಥವನನ್ನು ಕಲ್ಲೆದೆಯವನು ಅಂದುಕೊಂಡೆನಲ್ಲ ಎಂದು ನಾಚಿಕೆಯೂ ಆಯಿತು.

ತಿಂಗಳುಗಳು ಉರುಳಿದವು. ಜೊತೆಯಲ್ಲೇ ಕೆಲಸ, ಜೊತೆಯಲ್ಲೇ ಕಾಫಿ. ಅವನ ನೋಟದಲ್ಲಿದ್ದದ್ದು ಮಾತ್ರ ಬಾಯಿಗೆ ಬರಲಿಲ್ಲ. ಎಲ್ಲರೆದುರೂ ನೇರ ಮಾತಾಡುವವನು ನನ್ನೆದುರು ಯಾಕೆ ಮೂಕನಾಗುತ್ತಾನೆ? ಅವಳು ಒಳಗೊಳಗೇ ಬೇಯುತ್ತಿದ್ದಳು.

ಒಂದು ಸಂಜೆ ಮೆಟ್ಟಿಲಿಳಿಯುವಾಗ ಅವನೇ ಬಾಯಿಬಿಟ್ಟ. "ನಿನ್ನೆ ನಿಮ್ಮ ಅಮ್ಮನ್ನ ನೋಡಿ ಬಂದೆ."

"ಯಾಕೆ?"

"ನಿಮ್ಮಲ್ಲಿ ದೊಡ್ಡ ವಿಷಯ ಮೊದಲು ಮನೆಯವರಿಗೆ ಹೇಳ್ಬೇಕಲ್ಲ... ನಿಮ್ಮನ್ನ ಮದುವೆ ಆಗ್ಬೇಕು ಅಂದೆ. ನಿಮ್ಮ ಭಾಷೇಲೇ, ತಪ್ಪುತಪ್ಪಾಗಿ."

ಅವಳು ಮೆಟ್ಟಿಲ ಮೇಲೇ ನಿಂತಳು. "ಅಮ್ಮ ಏನಂದ್ರು?"

"ಅದು ಅವಳ ಜೀವನ, ಅವಳನ್ನೇ ಕೇಳಪ್ಪ ಅಂದ್ರು."

ಅವಳಿಗೆ ನಗುವೂ ಬಂತು, ಕಣ್ಣೀರೂ ಬಂತು. "ಮತ್ತೆ... ಕೇಳಿ."

ಅವನು ಕೇಳಿದ.

"ಹೂಂ."

"ಅಷ್ಟೇನಾ?"

"ನಿಮ್ಮ ಮೇಲೆ ಎಷ್ಟು ಪ್ರೀತಿ ಅಂತ ಮನೇಲಿ ಅಮ್ಮನಿಗೆ ಹೇಳ್ತೀನಿ," ಎಂದು ಅವನ ತೋಳು ಹಿಡಿದಳು. "ಪಕ್ಕದಲ್ಲೇ ಕೂತು ಕೇಳಿಸ್ಕೊಳ್ಳಿ."