ಪಕ್ಕದ ಸೀಟಿನ ಎತ್ತರ

"ಆ ಸೀಟಿನ ಮೇಲೆ ಏನೂ ಇಡಬೇಡಿ."

ಗಿರಿಜಾದೇವಿಯ ಕೈ ಅಲ್ಲೇ ನಿಂತಿತು. ಸೊಂಟದ ಮೇಲಿದ್ದ ಮರಳಿನ ಬುಟ್ಟಿ ಭಾರವಾಗಿತ್ತು. ಶೆಡ್ಡಿನ ಮುಂದೆ ಬಂದು ನಿಂತ ಜೀಪಿನಲ್ಲಿ ಒಂದು ಗಳಿಗೆ ಇಳಿಸಿ ಉಸಿರು ಬಿಡೋಣವೆಂದುಕೊಂಡಿದ್ದಳು, ಅಷ್ಟೆ.

ತಿರುಗಿ ನೋಡಿದಳು. ಹುಬ್ಬಿನಿಂದ ಕಿವಿಯವರೆಗೂ ಹೊಲಿಗೆಯ ಗುರುತಿದ್ದ ಒಬ್ಬ ಯುವಕ. ದನಿಯಲ್ಲಿದ್ದ ಗದರಿಕೆ ಕಣ್ಣುಗಳಲ್ಲಿರಲಿಲ್ಲ. ಅಲ್ಲಿ ಬೇಡಿಕೊಳ್ಳುವಂಥದ್ದೇನೋ ಇತ್ತು...

ಬುಟ್ಟಿಯನ್ನು ನೆಲಕ್ಕಿಳಿಸಿ ಒಳಗೆ ಹೋದಳು.

ಜಯನಗರದ ಹೊಸ ಡಾಂಬರು ಮುಗಿದು ಪುಟ್ಟೇನಹಳ್ಳಿಯ ಮಣ್ಣಿನ ದಾರಿ ಶುರುವಾಗುವ ಜಾಗದಲ್ಲಿ ಅವಳ ಅಪ್ಪ ಏಕಾಂತಯ್ಯನ ಶೆಡ್ಡು. ಹಿಂದೆ ಎತ್ತಿನ ಗಾಡಿಗಳಿಗೆ ಬಿದಿರಿನ ಕಮಾನು ಬಗ್ಗಿಸುತ್ತಿದ್ದ ಕೈ ಅವನದು. ಸುತ್ತ ಮನೆಗಳೇಳುತ್ತಿದ್ದ ಈ ಅರವತ್ತೆರಡನೇ ಇಸವಿಯಲ್ಲಿ ಕಿಟಕಿಯ ಸರಳು, ಗೇಟುಗಳೇ ಅವನ ಕೆಲಸ.

ಬಂದವನು ಕೇಳಿದ್ದು ಅದಾವುದನ್ನೂ ಅಲ್ಲ.

ಅವನ ಹೆಸರು ಶಂಭುಲಿಂಗ. ಮಿಲಿಟರಿ ಹರಾಜಿನಲ್ಲಿ ಕೊಂಡ ಜೀಪಿನಲ್ಲಿ ಸರ್ವೆಯವರ ಸಾಮಾನನ್ನು ಕನಕಪುರದಾಚೆಯ ಬೆಟ್ಟಗಳಿಗೆ ಹತ್ತಿಸುವ ಕೆಲಸ. ಜೀಪು ಮಗುಚಿದರೆ ಒಳಗಿದ್ದವರ ಮೇಲೆ ಬೀಳಬಾರದು, ತಲೆಯ ಮೇಲೊಂದು ಕಬ್ಬಿಣದ ಪಂಜರವಿದ್ದು ಅದರ ಮೇಲೇ ನಿಲ್ಲಬೇಕು ಎಂದ.

ಕಮಾನು ಗಾಡಿಯ ಹಾಗೇ, ಬಿದಿರಿನ ಬದಲು ಪೈಪು ಎಂದು ಏಕಾಂತಯ್ಯ ಹುಮ್ಮಸ್ಸಿನಿಂದ ಒಪ್ಪಿಕೊಂಡ. ಗಾಡಿಯ ಕಮಾನು ಬಿಸಿಲು ತಡೆದರೆ ಸಾಕು, ಇದು ಯಮನನ್ನು ತಡೆಯಬೇಕು. ಆದ್ದರಿಂದ ತೆಳು ತಗಡಿಗೆ ಹಚ್ಚದೆ ಕೆಳಗಿನ ಗಟ್ಟಿ ಚೌಕಟ್ಟಿಗೇ, ಚಾಸಿಗೇ ಬಿಗಿಯುವುದೆಂದು ಇಬ್ಬರೂ ಮಾತಾಡಿಕೊಂಡರು.

ಗಿರಿಜೆ ತಂತಿ ಬಗ್ಗಿಸಿ ಅಂಗೈಯಗಲದ ಮಾದರಿ ಮಾಡಿಕೊಟ್ಟಳು. ಸೀಟುಗಳ ಹಿಂದೊಂದು ಕಮಾನು, ಮುಂದಿನ ಗಾಜಿನ ಬಳಿ ಇನ್ನೊಂದು, ಎರಡನ್ನೂ ಮೇಲೆ ಕೂಡಿಸುವ ಪಟ್ಟಿಗಳು.

ಟೊಳ್ಳು ಪೈಪನ್ನು ಹಾಗೇ ಬಗ್ಗಿಸಿದರೆ ಮಡಚಿಹೋಗುತ್ತದೆ. ಹೊಟ್ಟೆಯ ತುಂಬ ಮರಳು ತುಂಬಿ, ಎರಡೂ ಬಾಯಿ ಮುಚ್ಚಿ, ಕೆಂಡದಂತೆ ಕಾಯಿಸಿ ಬಗ್ಗಿಸಬೇಕು. ಮರಳಿನಲ್ಲಿ ತೇವ ಉಳಿದಿದ್ದರೆ ಪೈಪು ಸಿಡಿಯುತ್ತದೆ. ಹಾಗಾಗಿ ಗಿರಿಜೆ ದೊಡ್ಡ ಬಾಣಲೆಯಲ್ಲಿ ಕಡಲೆ ಹುರಿಯುವವರಂತೆ ಮರಳು ಹುರಿಯುತ್ತಿದ್ದಳು.

ಸಂಜೆಯಾದರೆ ಶಂಭುಲಿಂಗ ಬಂದು ಒಲೆಯ ಆಚೆ ಕೂರುತ್ತಿದ್ದ. ಒಮ್ಮೆ, ಇದರಲ್ಲೇ ನಾಲ್ಕು ಕಡಲೆ ಹಾಕಿಬಿಡಲೇ ಎಂದು ಅವಳು ಕೀಟಲೆ ಮಾಡಿದಳು. ಹಾಕಿ, ದಾರಿಗಾಗುತ್ತೆ ಎಂದ ಅವನು, ನಗದೆ. ಮಾರನೆಯ ದಿನ ಅವಳು ನಿಜವಾಗಿಯೂ ಹಾಕಿದಳು. ಅವನು ಹಲ್ಲಿಗೆ ಸಿಕ್ಕ ಮರಳನ್ನೂ ಉಗುಳದೆ ತಿಂದ. ಆಗ ಅವನ ಮುಖದಲ್ಲಿ ನಗುವಿನಂಥದ್ದೊಂದು ಬಂದು ಹೋಯಿತು.

ಗಿರಿಜೆಯ ಮನಸ್ಸು ಸೋಲಲು ಅಷ್ಟೇ ಸಾಕಾಯಿತು. ತೀರಿಕೊಂಡ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಪಂಜರದ ಗಿಳಿಯಲ್ಲಿರುತ್ತಿತ್ತು. ಇವನ ಜೀವ ಎಲ್ಲಿದೆಯೋ... ಇಲ್ಲಿ ಕೂತವನೊಳಗಂತೂ ಇಲ್ಲ ಎಂದುಕೊಂಡಳು.

ಎಲ್ಲಿದೆಯೆಂದು ತಿಳಿಯಿತು ಎನ್ನಿಸಿದ್ದು ಅಳತೆಯ ದಿನ.

ಪಕ್ಕದ ಸೀಟಿನವರಿಗೆಂದು ಅವನೊಂದು ಬಿದಿರ ಕಡ್ಡಿ ತಂದ. ಸೀಟಿನಿಂದ ನೆತ್ತಿಯವರೆಗೆ ಅಷ್ಟೆತ್ತರ, ಅದಕ್ಕೂ ಮೇಲೆ ನಾಲ್ಕು ಬೆರಳು ಬಿಡಬೇಕು ಎಂದ. ಆ ಬದಿಗೆ ಎರಡು ಪಟ್ಟಿ ಹೆಚ್ಚಿಗೆ ಬೇಕಂತೆ. ತಲೆ ತಾಗುವ ಕಡೆಯೆಲ್ಲ ತೆಂಗಿನ ನಾರು ಸುತ್ತಿ ಕ್ಯಾನ್ವಾಸು ಹೊಲಿಯಬೇಕಂತೆ. ತನ್ನ ಬದಿಗೆ ಬರಿಯ ಕಬ್ಬಿಣವೇ ಸಾಕಂತೆ.

ಯಾರವರು ಎಂದು ಕೇಳಿದ್ದಕ್ಕೆ, ಇದ್ದಾರೆ ಎಂದಷ್ಟೇ ಹೇಳಿ ಮುಖ ತಿರುಗಿಸಿದ.

ಅವನು ಹೋದ ಮೇಲೆ ಗಿರಿಜೆ ಕುಳಿತು ಕಡ್ಡಿಯನ್ನು ತನ್ನ ಬೆನ್ನಿಗಿಟ್ಟು ನೋಡಿಕೊಂಡಳು. ಅದು ಅವಳ ನೆತ್ತಿಗಿಂತ ಒಂದು ಮುಷ್ಟಿ ಮೇಲಿತ್ತು.

ಎತ್ತರದ ಹೆಣ್ಣು... ನೀಳ ಕೊರಳು ಇರಬೇಕು. ಸೀರೆ ಉಟ್ಟರೆ ಬೊಂಬೆಯ ಹಾಗೆ ಕಾಣುತ್ತಾಳೇನೋ. ಇಲ್ಲದಿದ್ದರೆ ಯಾವ ಗಂಡಸು ಒಬ್ಬರ ತಲೆಗೆ ನಾರು ಸುತ್ತಿಸುತ್ತಾನೆ?

ಕ್ಯಾನ್ವಾಸನ್ನು ಅವಳೇ ಹೊಲಿದಳು. ಸೂಜಿ ಬೆರಳಿಗೆ ಚುಚ್ಚಿದಾಗ ಅತ್ತಳು. ಅಪ್ಪ ಕೇಳಿದರೆ ಸೂಜಿಯ ನೆಪ ಹೇಳಬಹುದಿತ್ತು. ಅವನು ಕೇಳಲಿಲ್ಲ.

ಅಂದಿನಿಂದ ಒಲೆಯ ಬಳಿ ಮಾತು ನಿಂತಿತು. ಶಂಭುಲಿಂಗ ಎರಡು ಸಲ ಏನೋ ಹೇಳಹೊರಟ. ಅವಳು ಬಾಣಲೆಯಿಂದ ಕಣ್ಣೆತ್ತಲಿಲ್ಲ. ಬೇರೆಯವಳ ಸೊತ್ತಿಗೆ ಆಸೆಪಟ್ಟೆನಲ್ಲ ಎಂಬ ನಾಚಿಕೆ ಅವಳನ್ನು ತಿನ್ನುತ್ತಿತ್ತು.

ಕಮಾನುಗಳನ್ನು ಜೀಪಿಗೆ ತಾತ್ಕಾಲಿಕವಾಗಿ ನಿಲ್ಲಿಸಿದ ಮಧ್ಯಾಹ್ನ ಏಕಾಂತಯ್ಯ ದೂರ ನಿಂತು ನೋಡಿ ತಲೆಯಾಡಿಸಿದ. ಎತ್ತರ ಅತಿಯಾಯಿತು ಎಂದ. ಹುಲ್ಲಿನ ಗಾಡಿಯಲ್ಲಿ ಹೊರೆ ಮೇಲೇರಿದಷ್ಟೂ ಗಾಡಿ ಬೇಗ ಮಗುಚುತ್ತದೆ, ಇದೂ ಹಾಗೇ. ಶಂಭುಲಿಂಗನ ತಲೆಯ ಲೆಕ್ಕಕ್ಕೆ ಒಂದು ಮುಷ್ಟಿ ಇಳಿಸಬಹುದು. ಇಳಿಸಲೇಬಾರದೆಂದರೆ ಆ ಪಕ್ಕದವರನ್ನು ಕರೆತಂದು ಕೂರಿಸಿ ತೋರಿಸಲಿ, ಅಲ್ಲಿಯವರೆಗೆ ಬೆಸುಗೆ ಹಾಕುವುದಿಲ್ಲ ಎಂದ.

ಶಂಭುಲಿಂಗ ನಾಳೆ ಎಂದ. ಮಾರನೆಯ ದಿನವೂ ಒಬ್ಬನೇ ಬಂದ.

ಏಕಾಂತಯ್ಯ ಇಕ್ಕಳ ಕೆಳಗಿಟ್ಟ. "ಏನಪ್ಪಾ, ಅವ್ರಿಗೆ ಬರೋಕೆ ಪುರುಸೊತ್ತಿಲ್ವಾ?"

"ಕರ್ಕೊಂಡು ಬರೋಕಾಗಲ್ಲ, ಏಕಾಂತಯ್ಯನವ್ರೇ." ಶಂಭುಲಿಂಗ ಜೀಪಿನ ಅಂಚು ಹಿಡಿದುಕೊಂಡ. "ಶಾಮಣ್ಣ ಅಂತ, ನನ್ನ ಸ್ನೇಹಿತ. ಹೋದ ವರ್ಷ ಇದೇ ಜೀಪು ಮಗುಚ್ತು. ಆ ಸೀಟಲ್ಲಿ ಅವನಿದ್ದ. ಓಡಿಸ್ತಿದ್ದೋನು ನಾನು."

ಏಕಾಂತಯ್ಯ ಹೆಗಲ ಟವಲಿನಿಂದ ಮುಖ ಒರೆಸಿಕೊಂಡು ಹೊರಗಿನ ಹೊಂಗೆಮರದ ಕೆಳಗೆ ಹೋಗಿ ಕುಳಿತ.

ಗಿರಿಜೆಗೆ ನೆಲ ಬಿರಿಯಬಾರದೇ ಎನಿಸಿತು. ಸತ್ತವನ ಮೇಲೆ ಹೊಟ್ಟೆಕಿಚ್ಚುಪಟ್ಟೆ... ನಾನೆಂಥವಳು!

ಆದರೆ ನಾಚಿಕೆಯ ಹಿಂದೆಯೇ ಭಯ ಬಂತು. ಈ ಪಂಜರ ಹೀಗೇ ಮುಗಿದರೆ ಇವನು ಸತ್ತವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಟ್ಟ ಹತ್ತುತ್ತಾನೆ. ಒಂದು ದಿನ ಇಳಿದು ಬರುವುದೇ ಇಲ್ಲ.

"ಎತ್ತರ ಹೆಚ್ಚಾದ್ರೆ ಮತ್ತೆ ಮಗುಚುತ್ತೆ ಅಂತ ಅಪ್ಪ ಹೇಳಿದ್ದು ಕೇಳಿಸ್ತಲ್ಲ?"

"ಕೇಳಿಸ್ತು."

"ಗೊತ್ತಿದ್ದೂ ಇಳಿಸಲ್ವಾ?"

"ಇಳಿಸಿದ್ರೆ ಅವನ ತಲೆಗೆ ತಾಗುತ್ತೆ, ಗಿರಿಜಾ."

ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅದೂ ಇಂಥ ಮಾತಿಗೆ. ಅವಳ ಕಣ್ಣು ತುಂಬಿತು.

"ಅವರಿಲ್ಲ," ಎಂದಳು ಮೆಲ್ಲಗೆ. "ನೀವಿದ್ದೀರಿ."

ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು ಪಕ್ಕದ ಸೀಟಿಗೆ ಹತ್ತಿ ಕುಳಿತಳು. ಅವನು ತಡೆಯಲೆಂದು ಒಂದು ಹೆಜ್ಜೆ ಮುಂದಿಟ್ಟು ನಿಂತ. ಅವಳ ತಲೆಯ ಮೇಲೆ, ಅವಳೇ ಹೊಲಿದ ಕ್ಯಾನ್ವಾಸಿನವರೆಗೆ, ಒಬ್ಬ ಮನುಷ್ಯನಷ್ಟು ಖಾಲಿ ಜಾಗ ಉಳಿದಂತೆ ಕಾಣುತ್ತಿತ್ತು.

"ಇದನ್ನ ನಿಮ್ಮನ್ನ ಮದುವೆಯಾಗೋಳಿಗೆ ಅಂದ್ಕೊಂಡು ಹೊಲಿದೆ," ಎಂದಳು. "ಒಂದೊಂದು ಹೊಲಿಗೆಗೂ ಸಂಕಟ ಆಯ್ತು. ಆದ್ರೂ ಗಟ್ಟಿಯಾಗೇ ಹೊಲಿದಿದೀನಿ. ಅವಳಿಗೆ ಏನಾದ್ರೂ ಆದ್ರೆ ನೀವು ಉಳಿಯಲ್ಲ ಅನ್ನಿಸ್ತು."

ಶಂಭುಲಿಂಗ ಜೀಪಿನ ಅಂಚಿನಿಂದ ಕೈ ತೆಗೆದ.

"ಅಳತೆ ಒಂದೇ ಸಲ ಕೊಟ್ಟು ಹೋಗ್ಬಹುದಿತ್ತು," ಎಂದ. "ದಿನಾ ಬಂದಿದ್ದು ಒಲೆ ಹತ್ರ ಕೂರೋಕೆ. ಆದ್ರೆ ಇದರಿಂದ ಏನೂ ಆಗೋದಿಲ್ಲ. ನನ್ನ ಪಕ್ಕ ಕೂತೋನು ಮನೆಗೆ ಹೋಗ್ಲಿಲ್ಲ. ಇನ್ನೊಬ್ರನ್ನ ಕೂರಿಸ್ಕೊಳ್ಳೋ ಧೈರ್ಯ ನನಗಿಲ್ಲ. ಇನ್ಮೇಲೆ ಬರುತ್ತೆ ಅಂತ್ಲೂ ಅನ್ಸಲ್ಲ."

ಅವನು ಸುಳ್ಳು ಹೇಳುತ್ತಿಲ್ಲವೆಂದು ಅವಳಿಗೆ ಗೊತ್ತಾಯಿತು. ಅಜ್ಜಿಯ ಕಥೆಯಲ್ಲಾದರೆ ಪಂಜರ ಒಡೆದು ಎಲ್ಲರೂ ಸುಖವಾಗಿರುತ್ತಿದ್ದರು. ಇಲ್ಲಿ ಸೋಮವಾರ ಜೀಪು ಬೆಟ್ಟಕ್ಕೆ ಹೋಗುತ್ತದೆ. ಅವಳು ಶೆಡ್ಡಿನಲ್ಲಿರುತ್ತಾಳೆ.

"ಕೂರಿಸ್ಕೋಬೇಡಿ," ಎಂದಳು. "ಸೀಟು ಖಾಲಿಯಾಗೇ ಇರ್ಲಿ. ಆದ್ರೆ ಅಳತೆ ನಂದು ತಗೊಳ್ಳಿ. ನೀವು ಬದುಕಿ ವಾಪಸ್ ಬರೋಕೆ ಇದಕ್ಕಿಂತ ಬೇರೆ ಏನೂ ಮಾಡೋಕೆ ಬರಲ್ಲ ನನಗೆ."

ಅವನು ಹತ್ತಿರ ಬಂದ. ಅಂಗೈಯನ್ನು ಅವಳ ನೆತ್ತಿಯ ಮೇಲೆ, ತಾಗದಂತೆ, ನಾಲ್ಕು ಬೆರಳು ಬಿಟ್ಟು ಹಿಡಿದ. ಹೊಂಗೆಮರದತ್ತ ನೋಡಿದ. ಕಮಾನಿನ ಕಾಲುಗಳನ್ನು ಕತ್ತರಿಸಿ ಇಳಿಸಿಬಿಡಿ ಎಂದು ಕೂಗಿ ಹೇಳಿದ.

ಏಕಾಂತಯ್ಯ ಎದ್ದ. ಗರಗಸ ಹುಡುಕುತ್ತ, ಅವರ ಕಡೆ ನೋಡದೆ, ಶೆಡ್ಡಿನ ಹಿಂಬದಿಗೆ ಹೋದ.

"ವಾಪಸ್ ಬರ್ತೀನಿ ಅಂತ ಮಾತು ಕೊಡೋಕಾಗಲ್ಲ, ಗಿರಿಜಾ."

"ಕೇಳ್ಲಿಲ್ಲ ನಾನು."

"ಮತ್ತೆ ಯಾಕೆ ಅಳ್ತಿದೀರಾ?"

"ನಿಮ್ಮ ಕೈ ನಡುಗ್ತಿದೆ. ಅದಕ್ಕೆ."

"ಹೋದ ವರ್ಷದಿಂದ ಹೀಗೇ. ನಿಲ್ಲಲ್ಲ."

"ನಿಲ್ಲೋದು ಬೇಡ," ಎಂದಳು. "ಸುಮ್ನೆ ಕೆಳಗಿಡಿ."

ಅವನು ಇಟ್ಟ. ಅವಳ ಕೂದಲಿನ ಮೇಲೆ ಆ ಕೈ ನಡುಗುತ್ತಲೇ ಇತ್ತು.