ತುರ್ಭೆ ಕ್ಯಾಂಟೀನಿನ ಉಪ್ಪಿನ ಚಿತ್ರ

ಸಾನಪಾಡಾದ ಮನೆಯಲ್ಲಿ ವಿಠಲಣ್ಣ ಪೇಪರ್ ಬಿಡಿಸಿ ಕೂತದ್ದಷ್ಟೇ, ಎದುರುಮನೆಯ ಮಾನಸಿ ಅಳುತ್ತಾ ಒಳಗೆ ಬಂದಳು. ಹೋಯ್ತು, ಈ ಭಾನುವಾರವೂ ಹೋಯ್ತು! ಸೊಸೈಟಿಯಲ್ಲಿ ಯಾರದು ಏನು ಕಳೆದರೂ ಪತ್ತೆ ಹಚ್ಚುವವಳು ಅವರ ಹೆಂಡತಿ, ನಿವೃತ್ತ ನರ್ಸ್ ಜಯಲತಾ. ಕೊಡೆ ಹಿಡಿದು ಅವಳ ಹಿಂದೆ ಓಡುವ ಕೆಲಸ ಇವರದ್ದು.

"ಆಂಟಿ, ನನ್ನ ಪೋಸ್ಟರನ್ನು ಯಾರೋ ಕತ್ತರಿಸಿದ್ದಾರೆ! ನಾಲ್ಕಕ್ಕೆ ಕಶ್ಯಪ ಸರ್ ನೋಡ್ಲಿಕ್ಕೆ ಬರ್ತಾರೆ. ಪಾಸಾದ್ರೆ ಪೋಸ್ಟರ್ ಪ್ರಿಂಟಿಗೆ ಹೋಗ್ತದೆ, ನನ್ನ ನೌಕ್ರಿ ಪಕ್ಕಾ, ಇಲ್ಲಾಂದ್ರೆ ಖಲಾಸ್."

ಬಿ.ಪಿ. ಬಗ್ಗೆ ಹಮಾಲರಿಗೆ ತಿಳಿಸಲು ಕಶ್ಯಪರ ಆರೋಗ್ಯ ಸಂಸ್ಥೆ ಅವಳಿಂದ ಬರೆಸಿದ ಚಿತ್ರಪಟ ಅದು. ಐದು ದಿನದ ಹಿಂದೆ ತುರ್ಭೆಯಲ್ಲಿ ಹಮಾಲರು ಉಣ್ಣುವ ಲೋಕನಾಥನ ಕ್ಯಾಂಟೀನಿನಲ್ಲಿ ಅಂಟಿಸಿದ್ದಳು. ಅದರಲ್ಲಿದ್ದ ಚಿತ್ರಗಳಲ್ಲಿ ಕತ್ತರಿಸಿ ಹೋಗಿದ್ದು ಒಂದೇ ಚೌಕ: ಪಾತ್ರೆಯ ಮೇಲೆ ಒಂದು ಚಮಚ ಉಪ್ಪು, ಕೆಳಗೆ ಸಣ್ಣ ಮರಾಠಿ ಅಕ್ಷರದಲ್ಲಿ 'ಒಬ್ಬರಿಗೆ ದಿನಕ್ಕೆ ಇಷ್ಟೇ'.

"ಲೋಕನಾಥ ಅಂಕಲ್‌ದೇ ಕೆಲಸ," ಎಂದಳು ಮಾನಸಿ.

"ನಾನಲ್ಲ ಮಾರಾಯ್ರೆ!" ಕ್ಯಾಂಟೀನಿನಲ್ಲಿ ಲೋಕನಾಥ ಕೂಗಿದ. "ಹಪ್ಪಳ, ಉಪ್ಪಿನಕಾಯಿಗೆ ಕೆಂಪು ಗೆರೆ ಎಳೆದಿದ್ದಾಳೆ, ಬೇಜಾರು ಹೌದು. ಹಾಗಂತ ಹರೀತೇನಾ? ಸಾಂಬಾರು ಸಪ್ಪೆ ಅಂತ ನಾಲ್ಕು ದಿನದಿಂದ ಗಿರಾಕಿಗಳ ಬೈಗುಳ ಬೇರೆ. ಅಡುಗೆಯ ಪೂವಪ್ಪನನ್ನು ಕೇಳಿದ್ರೆ ಉಪ್ಪಿನ ಪ್ಯಾಕೆಟ್ಟೇ ಸರಿ ಇಲ್ಲ ಅಂತಾನೆ."

ಜಯಲತಾ ಕನ್ನಡಕ ಏರಿಸಿ ಪೋಸ್ಟರ್ ನೋಡಿದಳು. ಚೌಕದ ಅಂಚು ನೇರವಾಗಿತ್ತು. ಅದಕ್ಕೊಂದು ಕೊತ್ತಂಬರಿ ಎಲೆಯ ಚೂರು ಮೆತ್ತಿಕೊಂಡಿತ್ತು. ಆಮೇಲೆ ಅವಳು ಸಾಂಬಾರು ತರಿಸಿ ಒಂದು ಗುಟುಕು ಕುಡಿದಳು. ವಿಠಲಣ್ಣನೂ ಕುಡಿದರು. ಅಯ್ಯೋ ದೇವರೇ, ಬರೀ ಬಿಸಿನೀರು!

"ಎಲ್ಲರೂ ಕೂತ್ಕೊಳ್ಳಿ. ಪೂವಪ್ಪ, ನೀನೂ ಬಾ," ಎಂದಳು ಜಯಲತಾ. "ಲೋಕನಾಥ ಹರಿಯುವುದಾದ್ರೆ ಹಪ್ಪಳದ ಚಿತ್ರ ಹರೀತಿದ್ದ. ಅದು ಗೋಡೆ ಮೇಲೇ ಉಂಟು. ಸಿಟ್ಟಿನಲ್ಲಿ ಹರಿದವ ಇಷ್ಟು ನೇರವಾಗಿ ಕೊಯ್ಯುವುದಿಲ್ಲ. ಕೊಯ್ದದ್ದು ಕೊತ್ತಂಬರಿ ಹೆಚ್ಚುವ ಚೂರಿ. ಚಿತ್ರ ಹೋದದ್ದೂ ಉಪ್ಪಿನದ್ದು, ಸಾಂಬಾರಿನಲ್ಲಿ ಕಮ್ಮಿಯಾದದ್ದೂ ಉಪ್ಪು. ಚಿತ್ರದಲ್ಲಿ ಇದ್ದದ್ದೇನು? ಒಂದು ಪಾತ್ರೆ, ಒಂದು ಚಮಚ. ಮರಾಠಿ ಓದಲು ಬಾರದವ ಅದನ್ನು ಹೇಗೆ ತಿಳೀತಾನೆ?"

ಪೂವಪ್ಪ ಒಳಗೆ ಹೋಗಿ, ಉಪ್ಪಿನ ಡಬ್ಬದ ಮೇಲೆ ಅಂಟಿಸಿದ್ದ ಚೌಕ ಬಿಡಿಸಿ ತಂದ.

"ಹಮಾಲ ಬಾಲಪ್ಪ ಇಲ್ಲೇ ಊಟ ಮಾಡ್ತಾ ಬಿ.ಪಿ. ಏರಿ ಬಿದ್ದ, ಅಕ್ಕ. ನನ್ನ ಕೈಯ ಉಪ್ಪಲ್ವಾ ಅವ ತಿಂದದ್ದು? ಹೆದರಿಕೆಯಾಯ್ತು. ನೂರು ಜನರ ಬೋಗುಣಿಗೆ ಒಂದೇ ಚಮಚ ಅಂದ್ರೆ ಸಂಶಯ ಬಂತು. ಆದ್ರೂ ಡಾಕ್ಟ್ರ ಚಿತ್ರ ಸುಳ್ಳಾಗ್ತದಾ ಅಂತ ಹಾಗೇ ಮಾಡಿದೆ. ಸಾವ್ಕಾರ್ರ ಹತ್ರ ಸುಳ್ಳು ಹೇಳಿದೆ, ತಪ್ಪಾಯ್ತು."

ಲೋಕನಾಥ ಹಣೆ ಚಚ್ಚಿಕೊಂಡ. ವಿಠಲಣ್ಣನಿಗೆ ನಗು ತಡೆಯಲಾಗಲಿಲ್ಲ, ಕಣ್ಣೂ ಒದ್ದೆಯಾಯಿತು.

"ಗಮ್ ಹಾಕಿ ಅಂಟಿಸಿಬಿಡು ಮಗಾ, ಯಾರಿಗೂ ಗೊತ್ತಾಗೋದಿಲ್ಲ," ಎಂದ ಲೋಕನಾಥ ಮಾನಸಿಗೆ.

ಮಾನಸಿ ಚೌಕವನ್ನೇ ನೋಡುತ್ತಾ ಕೂತಳು. ನಾಲ್ಕಕ್ಕೆ ಸರಿಯಾಗಿ ಕಶ್ಯಪ ಬಂದಾಗ ಅದನ್ನು ಅವರ ಕೈಗೇ ಕೊಟ್ಟು, ನಡೆದದ್ದೆಲ್ಲ ಹೇಳಿದಳು. "ಇದನ್ನು ಪ್ರಿಂಟಿಗೆ ಕೊಡ್ಬೇಡಿ ಸರ್. ತಪ್ಪು ನಂದು. ಪಾತ್ರೆ ಬರೆದೆ, ಉಪ್ಪು ತಿನ್ನುವ ಮನುಷ್ಯನನ್ನು ಬರೀಲಿಲ್ಲ."

ಕಶ್ಯಪ ಸಾಂಬಾರಿನ ರುಚಿ ನೋಡಿ ಮುಖ ಹಿಂಡಿದರು. "ಎಂಟು ದಿನ ಕೊಡ್ತೇನೆ. ಹೊಸದು ಬರಿ."

"ನನ್ನ ನೌಕ್ರಿ, ಸರ್?"

"ಮತ್ತೆ, ಪುಕ್ಕಟೆ ಬರೀತೀಯಾ? ನೌಕ್ರಿಯ ಆರ್ಡರ್ ನಾಳೆ ಬರ್ತದೆ. ಆದ್ರೆ ಹೊಸ ಚಿತ್ರ ಮೊದ್ಲು ಪೂವಪ್ಪನಿಗೆ ತೋರಿಸ್ಬೇಕು. ಅವನು ಹೂಂ ಅಂದ್ಮೇಲೆ ನನಗೆ."

ಪೂವಪ್ಪ ಕೈ ಒರೆಸಿಕೊಂಡು, ಕುರ್ಚಿ ಎಳೆದು ಮಾನಸಿಯ ಪಕ್ಕ ಕೂತ.