ಕರವಸ್ತ್ರದಲ್ಲಿ ಕಟ್ಟಿದ ಕಲ್ಲಿದ್ದಲು

ಟಕ್... ಟಕ್...

ಆಶಿಷ್‌ನ ಮನೆಯ ಬಾಗಿಲಲ್ಲಿದ್ದ, ಪತ್ರ ಹಾಕುವ ಅಂಚೆ ಸೀಳಿನೊಳಗಿಂದ ಬಂದ ಸದ್ದು ಅದು. ಬೀದಿ ತುದಿಯ ಪಟಾಕಿ ಒಂದು ಕ್ಷಣ ನಿಲ್ಲದೇ ಹೋಗಿದ್ದರೆ ನಿಶ್ಮಿತಾಳಿಗೆ ಅದು ಕೇಳಿಸುತ್ತಲೇ ಇರಲಿಲ್ಲ.

ಅವಳ ಒಂದು ಕೈ ಸೀಳಿನ ಮುಚ್ಚಳದ ಮೇಲಿತ್ತು. ಇನ್ನೊಂದರಲ್ಲಿ, ಕರವಸ್ತ್ರದಲ್ಲಿ ಕಟ್ಟಿದ ಒಂದು ತುಂಡು ಕಲ್ಲಿದ್ದಲು.

'ಇದನ್ನು ಒಳಗೆ ಹಾಕಿ ಹೊರಟುಬಿಡಬೇಕು. ಯಾರೂ ನೋಡಬಾರದು...'

ಟಿಲ್‌ಬರ್ಗ್‌ನಿಂದ ಹೊರಟಾಗಿನಿಂದ ಅವಳು ಇದನ್ನೇ ಹೇಳಿಕೊಳ್ಳುತ್ತಿದ್ದಳು. ವರ್ಷದ ಕೊನೆಯ ರಾತ್ರಿ ರೈಲುಗಳು ಬೇಗ ನಿಲ್ಲುತ್ತವೆಂದು ಸಂಜೆಯೇ ಬಂದಿಳಿದಿದ್ದಳು. ಆಮೇಲೆ ಧೈರ್ಯ ಸಾಲದೆ ಬೈಟನ್‌ವೆಲ್ಡರ್ಟ್‌ ಬಡಾವಣೆಯ ಬೀದಿಗಳನ್ನು ಸುತ್ತಿ ಸುತ್ತಿ ಕಾಲು ಮರಗಟ್ಟಿತ್ತು.

ಗೆಳತಿ ಶ್ರೇಯಾ ಫೋನಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿತ್ತು. "ಆಶಿಷ್‌ಗೆ ಸ್ಕಾಟ್ಲೆಂಡಲ್ಲಿ ಕೆಲ್ಸ ಸಿಕ್ಕಿದೆ, ಅಬರ್ಡೀನ್‌ಗೆ ಹೋಗ್ತಿದ್ದಾನೆ ಕಣೇ. ಅಮ್ಮನ್ನೂ ಕರ್ಕೊಂಡು. ಪರ್ಮನೆಂಟ್ ಆಗಿ. ಈ ವಾರವೇ."

ಇನ್ನು ಈ ಕಲ್ಲಿದ್ದಲನ್ನು ಇಟ್ಟುಕೊಳ್ಳುವ ಹಕ್ಕು ಅವಳಿಗೆಲ್ಲಿತ್ತು?

ಅದನ್ನು ಅವಳ ಕೈಗಿತ್ತವರು ಆಶಿಷ್‌ನ ತಂದೆ ದಿವಾಕರ. ಉಡುಪಿಯವರು. ಹೆಂಡತಿ ಮೋರಾಗ್, ಸ್ಕಾಟ್ಲೆಂಡಿನವಳು. ಅವಳ ಕಡೆಯವರಲ್ಲಿ ಒಂದು ಪದ್ಧತಿಯುಂಟು. ಹೊಸ ವರ್ಷ ಹುಟ್ಟಿದ ಮೇಲೆ ಮನೆಯ ಹೊಸ್ತಿಲನ್ನು ಮೊದಲು ದಾಟುವವನು ಕಪ್ಪು ಕೂದಲಿನ ಗಂಡಸಾಗಿರಬೇಕು, ಕೈಯಲ್ಲಿ ಕಲ್ಲಿದ್ದಲು, ಬೆಣ್ಣೆ ಬಿಸ್ಕತ್ತು ಹಿಡಿದಿರಬೇಕು. ಆಗ ವರ್ಷವಿಡೀ ಒಲೆ ಆರುವುದಿಲ್ಲ. ಕೆಂಚು ಕೂದಲಿನವನು ಬಂದರೆ ಕೇಡು. ಹೆಂಗಸು ಬಂದರಂತೂ... ಕೂಡದೇ ಕೂಡದು!

ಈ ಡಚ್ ಊರಿನ ಸ್ಕಾಟಿಷ್ ಮನೆಗಳಲ್ಲೆಲ್ಲ ಕೆಂಚು ಕೂದಲಿನವರೇ. ಹಾಗಾಗಿ ಆ ರಾತ್ರಿ ದಿವಾಕರರಿಗೆ ಎಲ್ಲಿಲ್ಲದ ಬೇಡಿಕೆ! ತಲೆ ನೆರೆತ ಮೇಲೂ ಡಿಸೆಂಬರ್ ಬಂತೆಂದರೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು.

"ಉಡುಪಿಯಲ್ಲಿ ನನ್ನನ್ನು ಕೇಳುವವರೇ ಇರ್ಲಿಲ್ಲ ಮಾರಾಯ್ತಿ. ಇಲ್ಲಿ ನೋಡು, ಮನೆ ಮನೆಯಲ್ಲಿ ಬಾಗಿಲು ತೆಗೆದಿಟ್ಟು ಕಾಯ್ತಾರೆ!" ಎಂದು ನಗುತ್ತಿದ್ದರು.

ಹೋದ ವರ್ಷ ಅವರು ಮೊದಲು ತಮ್ಮ ಮನೆಯ ಮೆಟ್ಟಿಲಲ್ಲೇ ಗಡಿಯಾರ ಹನ್ನೆರಡು ಹೊಡೆಯುವುದನ್ನು ಕಾಯುತ್ತ ನಿಂತಿದ್ದರು. ಪದ್ಧತಿಯ ಗಂಧಗಾಳಿಯೂ ಗೊತ್ತಿಲ್ಲದ ನಿಶ್ಮಿತಾ, ಆಶಿಷ್‌ಗೆ ಸರ್‌ಪ್ರೈಸ್ ಕೊಡಬೇಕೆಂದು ಹನ್ನೆರಡಾಗುತ್ತಲೇ ಹಿಂದಿನ ಅಡುಗೆಮನೆ ಬಾಗಿಲಿನಿಂದ ನುಗ್ಗಿಬಿಟ್ಟಿದ್ದಳು.

"ಹ್ಯಾಪಿ ನ್ಯೂ ಇಯರ್!"

ಮೋರಾಗ್‌ಳ ಅಕ್ಕ ಇಸಬೆಲ್ ಹ್ಯಾಗಿಸ್ ಎಂಬ ಮಾಂಸದ ಖಾದ್ಯ ಬಡಿಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು. ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ಸ್ಕಾಟ್ಲೆಂಡಿಗೆ ಕುಲದ ಕೂಟಕ್ಕೆಂದು ಹೋದಾಗ, ಬೆಟ್ಟದ ಬಯಲಿನಲ್ಲಿ, ಬ್ಯಾಗ್‌ಪೈಪಿನ ಸದ್ದಿನ ನಡುವೆ, ಕುಲದ ಚೌಕಳಿ ಶಾಲನ್ನು ನಿಶ್ಮಿತಾಳ ಹೆಗಲಿಗೆ ಹೊದಿಸಿದ್ದವಳೂ ಇದೇ ಇಸಬೆಲ್. "ಇನ್ನು ನೀನು ನಮ್ಮವಳು" ಎಂದಿದ್ದಳು. "ನಮ್ಮಲ್ಲಿ ಬರಿ ಅಂತ ಕುಲ ಉಂಟಲ್ಲ, ಹಾಗೇ ಇದು" ಎಂದು ದಿವಾಕರ ಪಕ್ಕದಿಂದ ಪಿಸುಗುಟ್ಟಿದ್ದರು.

ಆ ರಾತ್ರಿ ನಕ್ಕವರು ದಿವಾಕರ ಒಬ್ಬರೇ. ಕಲ್ಲಿದ್ದಲನ್ನು ಅವಳ ಅಂಗೈಯಲ್ಲಿಟ್ಟರು. "ಇರ್ಲಿ ಮಗಾ. ಮುಂದಿನ ವರ್ಷ ನಾವಿಬ್ರೂ ಒಟ್ಟಿಗೆ ಹೋಗುವ, ಆಯ್ತಾ?"

ಜನವರಿ ಮುಗಿಯುವ ಮೊದಲೇ ಅವರ ಹೃದಯ ನಿಂತುಹೋಯಿತು!

ಸಾವಿನ ಮನೆಯಲ್ಲಿ ಇಸಬೆಲ್ ಮೆಲ್ಲಗೆ ಅಂದಳು, "ಹೆಣ್ಣು ಮೊದಲ ಹೆಜ್ಜೆ ಇಟ್ಟ ವರ್ಷವೇ ಯಜಮಾನ ಹೋದ." ಮೋರಾಗ್ ಪಕ್ಕದಲ್ಲೇ ಇದ್ದಳು. ಒಂದೇ ಒಂದು ಮಾತೂ ಆಡಲಿಲ್ಲ.

ಆ ಮೌನ! ನಿಶ್ಮಿತಾಳಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕಾಲ್ಗುಣ. ಅವಳ ಅಮ್ಮ ಉಮಾವತಿ ಮದುವೆಯಾಗಿ ಬಂದ ತಿಂಗಳೇ ಮಾವ ತೀರಿಕೊಂಡಿದ್ದರು. ಅಂದಿನಿಂದ ಅಮ್ಮ ಯಾರ ಮನೆಯ ಶುಭಕಾರ್ಯಕ್ಕೂ ಮುಂಬಾಗಿಲಿನಿಂದ ಹೋದದ್ದನ್ನು ಮಗಳು ನೋಡಿರಲಿಲ್ಲ.

ನಿಶ್ಮಿತಾ ನಿಶ್ಚಿತಾರ್ಥದ ಉಂಗುರ ಹಿಂತಿರುಗಿಸಿದಳು. "ಯಾಕೆ, ನಿಶ್ಮಿ?" ಎಂದು ಆಶಿಷ್ ಗೋಗರೆದ. "ಬೇಡ ಅನ್ನಿಸ್ತು" ಎಂದಷ್ಟೇ ಹೇಳಿ ಬಂದುಬಿಟ್ಟಿದ್ದಳು.

ಟಕ್...

ನಿಶ್ಮಿತಾ ಬಗ್ಗಿ ಸೀಳಿನೊಳಗೆ ಇಣುಕಿದಳು. ನಡುಮನೆಯ ನೆಲದ ಮೇಲೆ ಚೌಕಳಿ ಶಾಲಿನ ಅಂಚು. ಅದರಾಚೆ ಒಂದು ಬಿಳಿಚಿದ ಕೈ, ಊರುಗೋಲಿನಿಂದ ನೆಲವನ್ನು ತಟ್ಟುತ್ತಿತ್ತು.

"ಆಂಟೀ! ಮೋರಾಗ್ ಆಂಟೀ!"

ತುರ್ತು ಸಹಾಯದ 112 ಒತ್ತಿದಳು. ಇವತ್ತಿನ ರಾತ್ರಿ ಆಂಬ್ಯುಲೆನ್ಸ್ ಬರುವುದು ತುಸು ತಡವಾಗಬಹುದು, ಅವರನ್ನು ಬೆಚ್ಚಗಿಡಿ ಎಂದರು. ಆಶಿಷ್ ಫೋನ್ ಎತ್ತಲಿಲ್ಲ; ಅಮ್ಮ ಬಿದ್ದಿದ್ದಾರೆ ಎಂದು ಮೆಸೇಜ್ ಹಾಕಿದಳು. ಮುಂಬಾಗಿಲಿಗೆ ಬೀಗ.

ಹಿತ್ತಲ ದಾರಿಯಲ್ಲಿ ಓಡಿದಳು. ಅಡುಗೆಮನೆ ಬಾಗಿಲಿನ ಹಿಡಿ ಒತ್ತಿದಳು... ತೆರೆದೇ ಇತ್ತು!

ಅದೇ ಕ್ಷಣಕ್ಕೆ ಇಡೀ ಆಕಾಶ ಸಿಡಿಯಿತು. ಹನ್ನೆರಡು.

ಅವಳ ಕಾಲು ಹೊಸ್ತಿಲ ಈಚೆಗೇ ನಿಂತುಬಿಟ್ಟಿತು.

'ಇಲ್ಲ... ಮತ್ತೆ ನಾನಾ? ಒಬ್ಬರನ್ನು ತಿಂದುಕೊಂಡದ್ದು ಸಾಲದೇ? ಈಗ ಇವರನ್ನೂ...'

"ಯಾರಾದ್ರೂ ಇದ್ದೀರಾ? ಹೆಲ್ಪ್! ಪ್ಲೀಸ್!" ಬೇಲಿಯಾಚೆಗೆ ಕೂಗಿದಳು. ಒಬ್ಬ ಗಂಡಸು, ಯಾವ ಬಣ್ಣದ ಕೂದಲಿನವನಾದರೂ ಸರಿ, ಒಬ್ಬ ಬಂದರೆ ಸಾಕಿತ್ತು! ಎಲ್ಲರೂ ಬೀದಿಯಲ್ಲಿದ್ದರು. ಪಟಾಕಿ ಸದ್ದು ಅವಳ ಕೂಗನ್ನು ನುಂಗಿತು.

ಒಳಗೆ ಊರುಗೋಲಿನ ಸದ್ದು ನಿಂತಿತು.

ನಿಶ್ಮಿತಾ ಕಣ್ಣು ಮುಚ್ಚಿ ಒಳಗೆ ನುಗ್ಗಿದಳು.

ಮೋರಾಗ್‌ಳ ಕೆನ್ನೆ ಮಂಜುಗಡ್ಡೆಯಂತಿತ್ತು. ತನ್ನ ಕೋಟು ಬಿಚ್ಚಿ ಹೊದಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಆ ಕೈಗಳನ್ನು ಉಜ್ಜಿದಳು.

"ಕ್ಷಮಿಸಿ ಆಂಟಿ... ಬೇರೆ ಯಾರೂ ಸಿಗ್ಲಿಲ್ಲ. ನಾನೇ ಬರ್ಬೇಕಾಯ್ತು... ಕಣ್ಣು ಬಿಡಿ ಆಂಟಿ, ನಿಮ್ಮ ಕಾಲಿಗೆ ಬೀಳ್ತೇನೆ!"

ರೆಪ್ಪೆಗಳು ಅಲುಗಿದವು.

"ನೀನು ಎಲ್ಲಿ ಹೋಯ್ತು, ಮಗಾ?"

ಗಂಡನಿಂದ ಕಲಿತ ಮುರುಕು ಕನ್ನಡ! ನಿಶ್ಮಿತಾ ಬಿಕ್ಕಿ ಬಿಕ್ಕಿ ಅತ್ತಳು.

"ಇಸಬೆಲ್ ಆಂಟಿ ಹಾಗೆ ಹೇಳಿದಾಗ ನೀವು ಸುಮ್ಮನಿದ್ರಿ. ನೀವೂ ಹಾಗೇ ಅಂದ್ಕೊಂಡಿದ್ದೀರಿ ಅಂತ..."

"ಏನು ಹೇಳಿದಳು?" ಮೋರಾಗ್ ಇಂಗ್ಲಿಷಿಗೆ ಹೊರಳಿದಳು. ಕೇಳಿ ಮುಗಿಸಿದ ಮೇಲೆ ಅವಳ ಕಣ್ಣು ತುಂಬಿತು. "ಆ ವಾರ ನನಗೆ ಏನೂ ಕೇಳಿಸುತ್ತಿರಲಿಲ್ಲ, ಹುಡುಗಿ. ಯಾರು ಬಂದರು, ಏನು ತಿನ್ನಿಸಿದರು, ಏನೂ ನೆನಪಿಲ್ಲ. ಆದರೆ ಅವನು ಹೇಳಿದ್ದು ನೆನಪಿದೆ. ನೀನು ನುಗ್ಗಿ ಬಂದ ರಾತ್ರಿ, ಎಲ್ಲರೂ ಹೋದ ಮೇಲೆ."

"ಏನು?"

"ನಮ್ಮೂರಲ್ಲಿ ಸೊಸೆ ಅಕ್ಕಿ ಸೇರು ಒದ್ದು ಒಳಗೆ ಬರ್ತಾಳೆ, ಮನೆ ತುಂಬ್ತದೆ. ಇಷ್ಟು ವರ್ಷ ನಾನು ಬೇರೆಯವರ ಮನೆಗೆ ಅದೃಷ್ಟ ಹೊತ್ತೆ, ನಮ್ಮನೆಗೆ ಇವತ್ತು ಬಂತು... ಅಂದ." ಮೋರಾಗ್ ಉಸಿರೆಳೆದುಕೊಂಡಳು. "ಅದಕ್ಕೇ ಇವತ್ತು ಹಿಂಬಾಗಿಲಿನ ಚಿಲಕ ತೆಗೆಯಲು ಹೋದೆ. ಬಂದರೆ ನೀನು ಅಲ್ಲಿಂದಲೇ ಬರುತ್ತೀಯೆಂದು. ವಾಪಸ್ ಬರುವಾಗ ಜಾರಿದೆ."

ಮುಂಬಾಗಿಲು ಧಡಾರನೆ ತೆರೆಯಿತು.

"ಅಮ್ಮಾ!"

ಆಶಿಷ್. ತಂದೆಯ ಬದಲಿಗೆ ಮನೆ ಮನೆ ಹೊಸ್ತಿಲು ದಾಟಲು ಹೋಗಿದ್ದವನು, ಗುರುತಿಲ್ಲದ ನಂಬರಿನ ಮೆಸೇಜ್ ನೋಡಿ ಓಡಿ ಬಂದಿದ್ದ. ಕುಲದ ಚೌಕಳಿಯ ಗಂಡಸರ ಲಂಗ, ಕಿಲ್ಟ್ ಉಟ್ಟಿದ್ದ, ಅಂಗೈ ಇದ್ದಲಿನಿಂದ ಕಪ್ಪಾಗಿತ್ತು. ಅಮ್ಮನ ಪಕ್ಕ ಮಂಡಿಯೂರಿದ. ಆಮೇಲೆ ತಲೆಯೆತ್ತಿದ.

"...ನೀನು?"

ಅವಳು ಕಣ್ಣು ತಗ್ಗಿಸಿದಳು.

"ಒಂದು ವರ್ಷ, ನಿಶ್ಮಿ! ಒಂದು ರೀಸನ್ ಕೂಡ ಕೊಡ್ಲಿಲ್ಲ ನೀನು!"

"ಪ್ರೀತಿ ಇಲ್ದೆ ಹೋದದ್ದಲ್ಲ... ನನ್ನ ಕಾಲ್ಗುಣಕ್ಕೆ ನಿನ್ನನ್ನೂ ಕಳ್ಕೊಳ್ತೇನೆ ಅಂತ ಹೆದರಿ ಹೋದೆ."

ಆಶಿಷ್ ಅವಳನ್ನೇ ನೋಡಿದ.

"ಹೆದರಿ ಹೋಗಿ, ಕಳ್ಕೊಂಡೇ ಬಿಟ್ಯಲ್ಲ... ಪೆದ್ದಿ!"

ಅವಳು ಕರವಸ್ತ್ರ ಬಿಚ್ಚಿ ಕಲ್ಲಿದ್ದಲನ್ನು ಚಾಚಿದಳು. ಅವನು ಕಲ್ಲಿದ್ದಲನ್ನು ತೆಗೆದುಕೊಳ್ಳಲಿಲ್ಲ. ಅವಳ ಕೈಯನ್ನೇ ಹಿಡಿದುಕೊಂಡ. ಇಬ್ಬರ ಬೆರಳೂ ಮಸಿಯಾದವು.

ಆಂಬ್ಯುಲೆನ್ಸ್ ಬಂತು. ಕಣಕಾಲು ಮುರಿದಿರಬಹುದು, ಜೀವಕ್ಕೇನೂ ಭಯವಿಲ್ಲ ಎಂದರು. ಸ್ಟ್ರೆಚರಿನ ಮೇಲಿಂದ ಮೋರಾಗ್ ಬೆರಳೆತ್ತಿದಳು.

"ಈ ಕಾಲಿಟ್ಟುಕೊಂಡು ನಾನು ಯಾವ ಅಬರ್ಡೀನ್‌ಗೂ ಹೋಗುವುದಿಲ್ಲ. ಇಸಬೆಲ್ ಫೋನ್ ಮಾಡಿದರೆ, ಕಪ್ಪು ಕೂದಲಿನವರೇ ಮೊದಲು ಬಂದರು ಎಂದು ಹೇಳಿ. ಸುಳ್ಳೇನಲ್ಲವಲ್ಲ!"

ಆಶಿಷ್ ಅಡುಗೆಮನೆಯಲ್ಲಿ ಕಾರಿನ ಕೀಲಿ ಹುಡುಕುತ್ತಿದ್ದ. ನಿಶ್ಮಿತಾ ಹಿಂಬಾಗಿಲು ಮುಚ್ಚಲು ಹೋದಳು.

"ಅಬರ್ಡೀನ್ ಕೆಲ್ಸ ಬಿಡ್ತೀಯಾ, ನನಗೋಸ್ಕರ?" ಮೆಲ್ಲಗೆ ಕೇಳಿದಳು.

"ನೀನು ಮತ್ತೆ ಓಡಿ ಹೋಗಲ್ಲ ಅಂದ್ರೆ."

"ಹೋಗೋದಿಲ್ಲ."

"ಪ್ರಾಮಿಸ್?" ಅವನ ದನಿಯಲ್ಲಿ ವರ್ಷದ ಮೇಲೆ ಮೊದಲ ನಗು. "ಒಂದು ವಿಷ್ಯ ಹೇಳು. ಅಪ್ಪ ಇದ್ದಿದ್ರೆ ಕೇಳೇ ಕೇಳ್ತಿದ್ರು. ಬಲಗಾಲು ತಾನೇ ಇಟ್ಟಿದ್ದು?"

ನಿಶ್ಮಿತಾ ಕೆಳಗೆ ನೋಡಿದಳು. ಹೊಸ್ತಿಲ ಒಳಗೆ, ಬಿಳಿ ಹಂಚಿನ ಮೇಲೆ, ಒದ್ದೆ ಬೂಟಿನ ಮೊದಲ ಗುರುತು ಇನ್ನೂ ಆರಿರಲಿಲ್ಲ.

ಎಡಗಾಲು.

ಅವಳು ಅದರ ಮೇಲೆ ನಿಂತು ಬೂಟಿನ ಅಡಿಯಿಂದ ನಿಧಾನವಾಗಿ ಒರೆಸಿದಳು. ಆಶಿಷ್‌ಗಾಗಲಿ, ಮೋರಾಗ್ ಆಂಟಿಗಾಗಲಿ, ಊರಿನಲ್ಲಿರುವ ಅಮ್ಮನಿಗಾಗಲಿ ಇದನ್ನು ಎಂದೆಂದಿಗೂ ಹೇಳುವುದಿಲ್ಲವೆಂದು ಅಲ್ಲೇ ತೀರ್ಮಾನಿಸಿದಳು.

"ಹ್ಞೂಂ," ಎಂದಳು, ಚಿಲಕ ಹಾಕುತ್ತ. "ಬಲಗಾಲೇ."